ಪರದೆಯ ಕೆಳಗಿನ ಸಾಲು

ಪರದೆಯ ಮೇಲೆ ದೋಣಿಯವನ ಹಿರಿಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕೆಳಗೆ ಮಾತ್ರ, ‘ಅಪ್ಪ ಹೋಗಿಬಿಟ್ಟರು, ಇನ್ನು ನಮಗೆ ಯಾರು ಗತಿ?’ ಎಂಬ ಸಾಲು ಬಂದು ಕೂತಿತು. ಕತ್ತಲಲ್ಲಿ ಯಾರೋ ಕಿಸಕ್ಕೆಂದರು. ಹಿಂದಿನ ಮೂಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಹೆಂಗಸು ಗಡಿಬಿಡಿಯಿಂದ ಸರಿಯಾದ ಸಾಲು ಹುಡುಕತೊಡಗಿದಳು.

ಟೈಪಿಂಗ್ ಅಂಗಡಿ ಇಟ್ಟುಕೊಂಡವಳು ಅವಳು. ಊರಿನ ಈ ಪುಟ್ಟ ಚಿತ್ರೋತ್ಸವಕ್ಕೆ ಬರುವ ಹೊರದೇಶದ ಭಾಷೆಗಳಲ್ಲಿ ಒಂದೂ ಅವಳಿಗೆ ಬಾರದು. ಇಂಗ್ಲಿಷಿನಲ್ಲಿ ಕಳಿಸಿದ ಮಾತುಗಳನ್ನು ಊರಿನ ಮಾತಿಗೆ ತಿರುಗಿಸುತ್ತಾಳೆ. ಸಿನಿಮಾವನ್ನು ಮತ್ತೆ ಮತ್ತೆ ನೋಡಿ, ಯಾವ ಸದ್ದಿಗೆ ಯಾವ ಸಾಲು ಎಂದು ಮನಸ್ಸಿಗೆ ಹತ್ತಿಸಿಕೊಳ್ಳುತ್ತಾಳೆ. ಪ್ರದರ್ಶನದ ದಿನ ಒಂದೊಂದು ಮಾತಿಗೂ ಒಂದೊಂದು ಗುಂಡಿ ಒತ್ತುತ್ತಾಳೆ, ಪರದೆಯ ಕೆಳಗೆ ಕಟ್ಟಿದ ಬಿಳಿ ಪಟ್ಟಿಯ ಮೇಲೆ ಸಾಲು ಮೂಡುತ್ತದೆ. ಈ ಸಲ ಬೆಳಿಗ್ಗೆ ಬಂದ ಸಿನಿಮಾದ ಪ್ರತಿ ಅವಳು ನೋಡಿದ್ದಕ್ಕಿಂತ ಬೇರೆಯದು. ನಡುನಡುವೆ ದೃಶ್ಯಗಳನ್ನೇ ಕತ್ತರಿಸಿ ಹಾಕಿದ್ದರು. ಹೇಳಬೇಕಾದವರು ಹೇಳಿರಲಿಲ್ಲ, ಇವಳಿಗೆ ಕೇಳಬೇಕೆಂದು ಹೊಳೆದಿರಲಿಲ್ಲ.

ಎಲ್ಲರಿಗಿಂತ ಮುಂದಿನ ಕುರ್ಚಿಗಳಲ್ಲೊಂದರಲ್ಲಿ ಅವಳ ಅಣ್ಣ ಕೂತಿದ್ದ. ಅವನು ಮೆಕ್ಯಾನಿಕ್. ಕಾಯಿಲೆಯೊಂದು ಅವನ ಎರಡೂ ಕಿವಿಗಳನ್ನು ತಿಂದುಹಾಕಿ ವರ್ಷಗಳೇ ಆಗಿದ್ದವು. ಮನೆಯವರನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ. ಕಿವುಡ ಮೆಕ್ಯಾನಿಕ್ಕಿನ ಕೈಗೆ ಇಂಜಿನ್ ಕೊಡುವವರು ಯಾರು? ಅವನು ಬಾನೆಟ್ಟಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದರೆ ಗಿರಾಕಿಗಳು ಅದೊಂದು ಸ್ಟೈಲು ಎಂದುಕೊಳ್ಳುತ್ತಿದ್ದರು. ಎದುರಿಗಿದ್ದವರ ತುಟಿ ನೋಡಿ ಮಾತು ಹಿಡಿಯುತ್ತಿದ್ದ. ಹಿಂದಿನಿಂದ ಕೂಗಿದರೆ ತಿರುಗುತ್ತಿರಲಿಲ್ಲವಾಗಿ ಊರು ಅವನಿಗೆ ‘ಗತ್ತಣ್ಣ’ ಎಂದು ಹೆಸರಿಟ್ಟಿತ್ತು. ಗುಂಪಿನಲ್ಲಿ ಅವನದು ಹತ್ತರ ಜೊತೆ ಹನ್ನೊಂದು. ಎಲ್ಲರೂ ನಕ್ಕರೆ ನಗುವುದು, ಎದ್ದರೆ ಏಳುವುದು.

ಉತ್ಸವದ ದಿನಗಳಲ್ಲಿ ಮಾತ್ರ ಆ ಕರ್ಮ ಅವನಿಗಿಲ್ಲ. ಅಲ್ಲಿ ಕಿವಿ ಇದ್ದವರೂ ಓದಲೇಬೇಕು. ಎಷ್ಟೋ ಸಲ ಎಲ್ಲರಿಗಿಂತ ಮೊದಲು ಅವನೇ ನಕ್ಕುಬಿಡುತ್ತಿದ್ದ, ಆ ನಗು ಕೇಳಲೆಂದೇ ತಂಗಿ ತಿಂಗಳುಗಟ್ಟಲೆ ಕಣ್ಣು ಸವೆಸುತ್ತಿದ್ದಳು.

ಅದಕ್ಕೆ ಈಗ ಕುತ್ತು ಬಂದಿತ್ತು. ಸಮಿತಿಯ ಅಧ್ಯಕ್ಷರಾದ ಹಲ್ಲಿನ ಡಾಕ್ಟರಿಗೆ ಓದುತ್ತ ಸಿನಿಮಾ ನೋಡುವುದು ಕಣ್ಣುನೋವಿನ ಕೆಲಸ. ಬಸ್ ನಿಲ್ದಾಣದಲ್ಲಿ ಬಸ್ಸುಗಳನ್ನು ಕೂಗುವ ಮೈಕಣ್ಣ ಮಾತುಗಳನ್ನು ಜೋರಾಗಿ ಓದಿ ಹೇಳಲಿ, ಜನ ಆರಾಮಾಗಿ ನೋಡಲಿ ಎಂಬುದು ಅವರ ಹಟ. ಇವತ್ತು ಸಾಲು ತಪ್ಪಿದರೆ ಮುಂದೆ ಮೈಕೇ ಎಂದು ಮೊದಲೇ ಗುಡುಗಿದ್ದರು. ಯಾರಿಗೋಸ್ಕರ ಸಾಲು ಬೇಕೆಂದು ಅವಳು ಹೇಳುವಂತಿರಲಿಲ್ಲ, ಬಾಯಿ ಬಿಡಬಾರದೆಂದು ಅಣ್ಣ ಆಣೆ ಹಾಕಿಸಿಕೊಂಡಿದ್ದ. ಮೈಕಿನ ಈ ಸುದ್ದಿಯನ್ನು ಅವಳು ಅವನಿಗೂ ಹೇಳಿರಲಿಲ್ಲ. ಬಾಯಲ್ಲಿಟ್ಟ ಬಿಸಿತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

ಅವಳು ನಾಲ್ಕು ಸಾಲು ಹಾರಿಸಿ ಒತ್ತಿದಳು. ದೋಣಿಯವನು ಕೆಮ್ಮಿದ, ಕೆಳಗೆ ‘ಮದುವೆ ಯಾವಾಗ?’ ಎಂದು ಬಂತು. ಹಿಂದಕ್ಕೆ ಹೋದಳು, ಅದೂ ತಪ್ಪು. ಈಗ ಇಡೀ ಸಭಾಂಗಣ ನಗುತ್ತಿತ್ತು. ಅಣ್ಣನೊಬ್ಬನೇ ಕತ್ತು ಚಾಚಿ, ಆ ಸಾಲುಗಳಲ್ಲಿ ಏನೋ ಅರ್ಥ ಇದ್ದೇ ಇದೆ ಎನ್ನುವಂತೆ ನೋಡುತ್ತಿದ್ದ.

ಅಧ್ಯಕ್ಷರು ಸಿನಿಮಾ ನಿಲ್ಲಿಸಿ ದೀಪ ಹಾಕಿಸಿದರು. ಹಿಂದೆ ಅವಳ ಮೇಜಿನ ಪಕ್ಕದಲ್ಲೇ ನಿಂತು, ಸಾಲು ಹೆಚ್ಚುಕಮ್ಮಿಯಾದರೂ ಮೈಕಣ್ಣ ಬಾಯಲ್ಲೇ ಸರಿದೂಗಿಸುತ್ತಾನೆ, ಜನರೇ ತೀರ್ಮಾನ ಮಾಡಲಿ ಎಂದರು.

“ಮೈಕ್ ಬೇಕು ಅನ್ನೋರು ಕೈ ಎತ್ತಿ.”

ಕೈಗಳು ಎದ್ದವು. ಅಣ್ಣ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ಆಮೇಲೆ ತಾನೂ ಕೈ ಎತ್ತಿದ.

“ನೋಡಮ್ಮ, ನಿಮ್ಮಣ್ಣನೇ ಎತ್ತಿದಾರೆ,” ಎಂದರು ಅಧ್ಯಕ್ಷರು.

ಅವಳಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ಅಧ್ಯಕ್ಷರ ಮೇಲೆ, ಅಣ್ಣನ ಮೇಲೆ, ಹಾಕಿದ ಆಣೆಯ ಮೇಲೆ. ಅಣ್ಣನ ಪಕ್ಕದಲ್ಲೇ ಬಸ್ಸಿನ ಮಾಲೀಕ ಕೂತಿದ್ದ, ಅವನ ಬಸ್ಸುಗಳೆಲ್ಲ ರಿಪೇರಿಗೆ ಬರುವುದು ಅಣ್ಣನ ಗ್ಯಾರೇಜಿಗೇ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಹೇಳಿದರೆ ಅವನ ಅನ್ನ ಹೋಗುತ್ತದೆ. ಹೇಳದಿದ್ದರೆ ಅವನಿಗಿದ್ದ ಒಂದೇ ಒಂದು ಸುಖ ಹೋಗುತ್ತದೆ, ಅದೂ ಅವನ ಕೈಯಿಂದಲೇ.

ಅವಳು ಟೈಪ್ ಮಾಡಿದಳು. ಮುಂದೇನಾಗಬಹುದೆಂದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯಿತು. ಆದರೂ ಗುಂಡಿ ಒತ್ತಿದಳು.

ಬಿಳಿ ಪಟ್ಟಿಯ ಮೇಲೆ ಮೂಡಿತು: ‘ಮೈಕ್ ಬೇಡ, ಓದೋಕೆ ಸಾಲೇ ಬೇಕು ಅನ್ನೋರು ಕೈ ಎತ್ತಿ.’

ಆಗಷ್ಟೇ ಇಳಿದಿದ್ದ ಅಣ್ಣನ ಕೈ ಸರ್ರನೆ ಮೇಲೇರಿತು. ಅಕ್ಕಪಕ್ಕ ನೋಡಲಿಲ್ಲ. ಅವನದೊಂದೇ ಕೈ.

“ಏನ್ರೀ, ಆಗ ಅದಕ್ಕೂ ಎತ್ತಿದ್ರಿ, ಈಗ ಇದಕ್ಕೂ ಎತ್ತಿದ್ರಿ. ನಿಮಗೆ ಯಾವುದು ಬೇಕು?” ಎಂದರು ಅಧ್ಯಕ್ಷರು ಹಿಂದಿನಿಂದಲೇ.

ಜನ ನಕ್ಕರು. ಅಣ್ಣ ಪರದೆಯನ್ನೇ ನೋಡುತ್ತಿದ್ದ. ಅಧ್ಯಕ್ಷರು ಇನ್ನೂ ಜೋರಾಗಿ ಕೇಳಿದರು. ಗತ್ತು ನೋಡು ಎಂದು ಯಾರೋ ಗೊಣಗಿದರು. ಮೈಕಣ್ಣ ತಮಾಷೆಗೆಂದು ಮೈಕ್ ಬಾಯಿಗಿಟ್ಟು ಬಸ್ಸು ಕರೆಯುವಂತೆ ಅವನನ್ನು ಕರೆದ. ಸಭಾಂಗಣದ ಗೋಡೆ ಅದುರಿತು, ಕೂತವರು ಬೆಚ್ಚಿ ಕಿವಿ ಮುಚ್ಚಿಕೊಂಡರು. ಕೈ ಎತ್ತಿದ್ದವನು ಬೆಚ್ಚಲಿಲ್ಲ, ಪರದೆಯ ಕಡೆ ನೋಡುತ್ತ ನಗುತ್ತಿದ್ದ.

ನಗು ಹಿಂದಿನ ಸಾಲುಗಳಿಂದ ಒಂದೊಂದಾಗಿ ಆರಿತು. ಬಸ್ಸಿನ ಮಾಲೀಕ ಮೆಲ್ಲಗೆ ತಿರುಗಿ ಪಕ್ಕದವನ ಕಿವಿಯನ್ನು ನೋಡಿದ, ಆಮೇಲೆ ಹೆಗಲು ಮುಟ್ಟಿ ಹಿಂದಕ್ಕೆ ಕೈ ತೋರಿಸಿದ.

ಅಣ್ಣ ತಿರುಗಿದ. ಊರಿಗೆ ಊರೇ ತನ್ನನ್ನು ನೋಡುತ್ತಿರುವುದು ಕಂಡಿತು. ಆ ಮುಖಗಳ ನಡುವೆ ತಂಗಿಯನ್ನು ಹುಡುಕಿದ. ಅವಳು ಅಳುತ್ತಿದ್ದಳು.

“ಎಲ್ರಿಗೂ ಗೊತ್ತಾಯ್ತಾ?” ಎಂದು ಅಳತೆ ತಪ್ಪಿದ ಗಟ್ಟಿ ದನಿಯಲ್ಲಿ ಕೇಳಿದ.

ಅವಳು ಹೌದೆಂದು ತಲೆಯಾಡಿಸಿದಳು. ಅವನ ಮುಖ ಕಪ್ಪಿಟ್ಟಿತು. ಮತ್ತೆ ಪರದೆಯ ಕಡೆ ತಿರುಗಿ ಕೂತ. ಎತ್ತಿದ ಕೈಯನ್ನು ಇಳಿಸಲಿಲ್ಲ.