ಮಾವನ ಮೇಲೆ ಹೊದಿಸಿದ ಟಾರ್ಪಾಲು

ಹೋದ ತಿಂಗಳು ನಮ್ಮ ಮನೆಯ ಬಾಡಿಗೆ ಕೋಣೆಗೆ ಬಂದ ಪ್ರವಾಸಿ ಗಂಡ ಹೆಂಡತಿ ಒಂದು ವಾರ ಇರುತ್ತೇವೆ ಎಂದವರು, ಕೋಣೆಯ ಕಿಟಕಿ ತೆರೆದದ್ದೇ ತಡ, ಪುದೀನ ಚಹಾವನ್ನೂ ಮುಟ್ಟದೆ ಹೊರಟುಬಿಟ್ಟಿದ್ದರು. ಕಿಟಕಿಯಾಚೆ ಅಂಗಳದಲ್ಲಿ ನಮ್ಮ ಮಾವ ಫರ್ಡಿನಂಡ್, ಅವರ ಅಪ್ಪ, ಅವರ ಅಜ್ಜಿ ಸಾಲಾಗಿ ಮಲಗಿದ್ದಾರೆ. ಪ್ರತಿವರ್ಷ ಸುಣ್ಣ ಬಳಿಯುವ ಸಿಮೆಂಟಿನ ಗೋರಿಗಳು. ಜಮೈಕಾದ ಈ ಗುಡ್ಡಗಳಲ್ಲಿ ಯಾರ ಅಂಗಳ ನೋಡಿದರೂ ಹೀಗೇ.

ಇವತ್ತು ಇನ್ನೊಬ್ಬಳು ಬರುವವಳಿದ್ದಳು, ಕೆನಡಾದ ಮಾರ್ಗೊ. ಕಡಲ ದಂಡೆಯ ಹೋಟೆಲಿನಲ್ಲೇ ಉಳಿಯುವುದೋ, ನಮ್ಮಲ್ಲಿ ಎಂಟು ದಿನ ಇರುವುದೋ, ಜಾಗ ನೋಡಿ ಹೇಳುತ್ತೇನೆ ಎಂದಿದ್ದಳಂತೆ. ನನ್ನ ಗಂಡ ಎಗ್ಬರ್ಟ್ ತನ್ನ ಟ್ಯಾಕ್ಸಿಯಲ್ಲಿ ಕರೆತರುತ್ತಿದ್ದ.

ನಾನೂ ಅದೇ ದಂಡೆಯ ಇನ್ನೊಂದು ಹೋಟೆಲಿನಲ್ಲಿ ನಾಲ್ಕು ವರ್ಷ ಹಾಸಿಗೆಬಟ್ಟೆ ಒಗೆದವಳು. ಮನೆಗೆ ಬರುತ್ತಿದ್ದದ್ದು ಭಾನುವಾರ ಮಾತ್ರ. ಮಗಳು ಶೆರೇನ್ ನನ್ನನ್ನು ‘ಆಂಟಿ’ ಎಂದು ಕರೆದ ದಿನ ಕೆಲಸ ಬಿಟ್ಟು ಬಂದು ಈ ಕೋಣೆ ಸಜ್ಜು ಮಾಡಿದೆ. ಬೆಳಿಗ್ಗೆ ಆ ಹೋಟೆಲಿನ ಮೇಲ್ವಿಚಾರಕಿ ಮಿಸ್ ಡಾರೀನ್ ಫೋನು ಮಾಡಿದ್ದಳು. “ಕೆಲಸಕ್ಕೆ ವಾಪಸ್ ಬರ್ತೀನಿ ಅಂತ ನಾಲ್ಕು ಗಂಟೆ ಒಳಗೆ ಹೇಳಿದ್ರೆ ನಿನ್ನ ಜಾಗ ನಿಂಗೇ ವರ್ನಿಸ್. ಇಲ್ಲಾಂದ್ರೆ ಬೇರೆಯೋರಿಗೆ.”

ಎರಡೂವರೆಗೆ ಎಗ್ಬರ್ಟನ ಫೋನು ಬಂತು, ಪಿಸುದನಿಯಲ್ಲಿ. “ತಿರುವು ಹತ್ತುತಾ ಇದೀವಿ. ಅಪ್ಪನ್ನ ಮುಚ್ಚು!”

ಮೂರೂ ಗೋರಿಗಳಿಗೆ ಸಾಲುವಷ್ಟು ದೊಡ್ಡ ಟಾರ್ಪಾಲನ್ನು ನಾನು ಎಳೆದು ತಂದೆ. ಅತ್ತೆ ಐಸಿಲ್ಡಾ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ನನ್ನ ಗಂಡ ಏನು ಕದ್ದ ಮಾಲೇನೇ, ಹೀಗೆ ಮುಚ್ಚಿಡೋಕೆ?”

“ಒಂದೇ ಒಂದು ಗಂಟೆ ಅತ್ತೆ, ದಮ್ಮಯ್ಯ.”

“ಅವನಿಗೆ ಮೊದ್ಲೇ ಸೆಕೆ ತಡೀತಿರ್ಲಿಲ್ಲ.” ಗೋರಿಯ ತಲೆಯ ಕಡೆ ನಾಲ್ಕು ಹನಿ ಬಿಳಿ ರಮ್ ಚಿಮುಕಿಸಿ ಬಗ್ಗಿದರು. “ಫರ್ಡೀ, ಬೇಜಾರು ಮಾಡ್ಕೋಬೇಡ. ಸೊಸೆಗೆ ಸ್ವಲ್ಪ ತಲೆ ಕೆಟ್ಟಿದೆ.”

ಮಾರ್ಗೊ ಬಂದಳು. ಕೋಣೆ ನೋಡಿದಳು, ದಿಂಬು ಒತ್ತಿದಳು. ಮುಖದಲ್ಲಿ ಏನೂ ಕಾಣಲಿಲ್ಲ. ಸುಟ್ಟ ಜೀಗುಜ್ಜೆಯ ತಟ್ಟೆ ಹಿಡಿದು ಅಂಗಳಕ್ಕೆ ಬಂದವಳು ನೇರವಾಗಿ ಟಾರ್ಪಾಲಿನ ಮೇಲೆ ಕೂತಳು.

ಅತ್ತೆಗೆ ತಡೆಯಲಾಗಲಿಲ್ಲ. “ಎದೆ ಮೇಲೆ ಬೇಡಮ್ಮ. ಸ್ವಲ್ಪ ಕಾಲಿನ ಕಡೆ ಸರ್ಕೋ. ಅವನಿಗೆ ಉಬ್ಬಸ ಇತ್ತು.”

“ಯಾರಿಗೆ?”

“ನನ್ನ ಗಂಡಂಗೆ.”

ಮಾರ್ಗೊ ಎದ್ದ ರಭಸಕ್ಕೆ ತಟ್ಟೆ ಮಗುಚಿತು. ಎಗ್ಬರ್ಟ್ ಆಗಲೇ ಕಾರಿನ ಕೀಲಿಗೆ ಜೇಬು ತಡಕುತ್ತಿದ್ದ. ಅವಳು ಟಾರ್ಪಾಲಿನ ಅಂಚೆತ್ತಿ ಹೆಸರು ಓದಿ, ನನ್ನ ಕಡೆ ತಿರುಗಿದಳು.

“ಯಾಕೆ ಮುಚ್ಚಿದ್ರಿ?”

ಬಿಸಿಲಿಗೆ ಎನ್ನಬಹುದಿತ್ತು. ನಾಲಿಗೆ ಹೊರಳಲಿಲ್ಲ. “ನೀವು ಓಡಿಹೋಗ್ತೀರ ಅಂತ.”

ಅವಳು ಟಾರ್ಪಾಲಿನ ಅಂಚು ಕೆಳಗೆ ಬಿಟ್ಟಳು. ಆಮೇಲೆ, “ನಂಗೆ ಭಯ ಆಗ್ತಿದೆ, ಸುಳ್ಳು ಹೇಳಲ್ಲ. ಆದ್ರೆ ಹೋಟೆಲಲ್ಲಿ ನನ್ನ ಅಕ್ಕಪಕ್ಕದ ಕುರ್ಚಿಯೋರೆಲ್ಲ ನಮ್ಮೂರೋರೇ. ನಾಲ್ಕು ದಿನದಿಂದ ನಮ್ಮೂರ ಚಳಿದೇ ಮಾತು. ಇವತ್ತೊಂದು ರಾತ್ರಿ ಇರ್ತೀನಿ, ಕಿಟಕಿ ಹಾಕ್ಕೊಂಡು. ಮುಂದಿಂದು ಬೆಳಿಗ್ಗೆ ಹೇಳ್ತೀನಿ” ಎಂದಳು.

“ಹಾಕ್ಕೋ ತಾಯಿ,” ಎಂದರು ಅತ್ತೆ. “ಗೊರಕೆ ಹೊಡೀತಿದ್ದ, ಈಗ ಬಿಟ್ಟಿದಾನೆ.”

ಅವಳು ಒಳಗೆ ಹೋದಳು. ಗಂಟೆ ನಾಲ್ಕಾಗಲು ಹತ್ತು ನಿಮಿಷ ಬಾಕಿ.

“ಒಂದು ರಾತ್ರಿ ನಂಬ್ಕೊಂಡು ಕೂರ್ತೀಯಾ?” ಎಗ್ಬರ್ಟ್ ತಗ್ಗಿದ ದನಿಯಲ್ಲಿ ಹೇಳಿದ. “ಡಾರೀನ್‌ಗೆ ಬರ್ತೀನಿ ಅಂದ್ಬಿಡು ಮಾರಾಯ್ತಿ.”

ಫೋನು ತೆಗೆದುಕೊಂಡೆ.

“ಮಿಸ್ ಡಾರೀನ್, ನನ್ನ ಜಾಗ ಬೇರೆಯೋರಿಗೆ ಕೊಟ್ಬಿಡಿ.”

“ಆಮೇಲೆ ಅತ್ಕೊಂಡು ಬರ್ಬೇಡ.”

“ಅತ್ರೆ ಇಲ್ಲೇ ಅಳ್ತೀನಿ.”

ಎಗ್ಬರ್ಟ್ ಕಾರು ಒರೆಸಲು ಹೋದ. ನಾನು ಅಡುಗೆಮನೆಗೆ ಬಂದೆ. ಗೋಡೆಯಾಚೆ ಕೋಣೆಯಲ್ಲಿ ಪೆಟ್ಟಿಗೆಯ ಜಿಪ್ ಎಳೆದ ಸದ್ದು. ತೆರೆದಳೋ, ಮುಚ್ಚಿದಳೋ ತಿಳಿಯಲಿಲ್ಲ. ಅಕ್ಕಿಯನ್ನು ಅವಳೂ ಸೇರಿ ಐದು ಜನಕ್ಕೇ ಅಳೆದೆ.