ಎರಡನೆಯ ಸರಣಿಯ ವಕೀಲರು

ನನ್ನ ಗಂಡ ಯಾವ ಲಿಫ್ಟಿಗೂ ನನ್ನನ್ನು ಮೊದಲು ಹತ್ತಲು ಬಿಟ್ಟವರಲ್ಲ. ಆಸ್ಪತ್ರೆಯಿರಲಿ, ಬಟ್ಟೆಯಂಗಡಿಯಿರಲಿ, ಬಾಗಿಲು ತೆರೆದೊಡನೆ ಅಡ್ಡ ಕೈ ಚಾಚಿ ನನ್ನನ್ನು ತಡೆದು, ತಾವು ಒಳಗೆ ಕಾಲಿಟ್ಟು, ಬಲಗಾಲಿನಿಂದ ಎರಡು ಸಲ ನೆಲ ತುಳಿದು, ತಲೆ ಓರೆ ಮಾಡಿ ಸದ್ದು ಕೇಳಿ, ಆಮೇಲೆ "ಬಾ" ಅನ್ನುವರು. ನೋಡಿದವರಿಗೆ, ಹೆಂಡತಿಗೆ ಮರ್ಯಾದೆ ಕೊಡದ ಗಂಡಸು ಅನ್ನಿಸುತ್ತಿತ್ತು. ಮೂವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ಮನುಷ್ಯನಿಗೆ ಗೊತ್ತಿದ್ದ ಮರ್ಯಾದೆ ಅದು ಎಂದು ನಾನು ಯಾರಿಗೂ ಬಿಡಿಸಿ ಹೇಳಲಿಲ್ಲ. ಹೇಳಬಹುದಿತ್ತು. ನಾನು ಹೇಳದೆ ಬಿಟ್ಟ ಮಾತುಗಳಲ್ಲಿ ಅದು ಸಣ್ಣದು.

ಆಳು ಕುಳ್ಳು. ಉಪಕರಣದ ಚೀಲ ಹೊತ್ತು ಹೊತ್ತು ಎಡ ಭುಜ ಇಳಿದಿತ್ತು. ಚೀಲ ಇಲ್ಲದ ದಿನವೂ ಇಳಿದೇ ಇರುತ್ತಿತ್ತು. ಕಂಪನಿ ಕೊಟ್ಟ ನೀಲಿ ಕೋಟನ್ನು ರಜಾದಿನವೂ ಬಿಡುತ್ತಿರಲಿಲ್ಲ. ಅದರ ಎದೆಯ ಜೇಬಿನಲ್ಲಿ ಟೆಸ್ಟರು, ಪುಟ್ಟ ಟಾರ್ಚು, ಕೈ ಒರೆಸುವ ಜಿಡ್ಡಿನ ಬಟ್ಟೆ. ಮಗಳ ಶಾಲೆಯ ಸಭೆಗೂ ಅದೇ ಕೋಟಿನಲ್ಲಿ ಬಂದರು. "ಬೇರೆ ಇಲ್ವಾ ರೀ?" ಅಂದರೆ, "ಇದರಲ್ಲಿ ಜೇಬು ಜಾಸ್ತಿ" ಅಂದರು. ನಾನು ಎರಡು ಕುರ್ಚಿ ಬಿಟ್ಟು ಕೂತೆ.

ಮಗಳು ಒಂಬತ್ತು ವರ್ಷದವಳಿದ್ದಾಗ ಟಿವಿಯಲ್ಲಿ ಜಪಾನಿನವರು ಮಾಡಿದ ಒಂದು ಬೊಂಬೆಕಥೆ ಬರುತ್ತಿತ್ತು. ಕಾರ್ಟೂನ್ ಅನ್ನಬಾರದು, ಅನಿಮೆ ಅನ್ನಬೇಕು ಎಂದು ಅವಳು ನನ್ನನ್ನು ತಿದ್ದುತ್ತಿದ್ದಳು. ಹಾರುವ ಹಡಗು, ಅದನ್ನು ನಡೆಸುವ ಹದಿನಾರರ ಹುಡುಗಿ, ಉರಿಯುವ ಕಂಬದಿಂದ ಹಾರಿ ಅವಳನ್ನು ಉಳಿಸುವ ಹುಡುಗ. ಊರೆಲ್ಲ ನೋಡುತ್ತಿತ್ತು. ಅಪ್ಪ ಮಗಳು ಒಂದೇ ಚಾಪೆಯ ಮೇಲೆ ಕೂತು ಬಾಯಿ ತೆರೆದುಕೊಂಡು ನೋಡುವರು. ಕಥೆ ಮುಗಿದು ಹೆಸರುಗಳು ಓಡತೊಡಗಿದರೆ ಮಗಳು ಎದ್ದು ಹೋಗುವಳು, ಇವರು ಏಳರು. ಕೊನೆಯ ಹೆಸರು ಹೋಗುವವರೆಗೆ ಕೂತಿರುವರು. ಅದು ನಮ್ಮ ಭಾಷೆಯ ಅಕ್ಷರವೂ ಅಲ್ಲ. "ಏನು ಓದ್ತೀರಿ ಅದನ್ನ?" ಅಂದೆ ಒಂದು ಸಲ. "ಓದೋಕೆ ಬರಲ್ಲ. ಎಷ್ಟು ಜನ ದುಡಿದಿದಾರೆ ಅಂತ ನೋಡ್ತೀನಿ" ಅಂದರು.

ಹನ್ನೊಂದು ವರ್ಷದ ಮೇಲೆ ಅದೇ ಕಥೆಯ ಎರಡನೆಯ ಸರಣಿ ಬಂತು. ಅಷ್ಟರಲ್ಲಿ ಮಗಳು ಮೊದಲ ಸರಣಿಯನ್ನು ಮೆಚ್ಚಿದವರ ಒಂದು ಕ್ಲಬ್ಬಿಗೆ ಸೇರಿದ್ದಳು, ಅಪ್ಪನನ್ನೂ ಸೇರಿಸಿದ್ದಳು. ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಗ್ರಂಥಾಲಯದ ಮಹಡಿಯಲ್ಲಿ ಮೂವತ್ತು ಮಂದಿ ಕೂಡುವರು. ಎಲ್ಲರೂ ಇಪ್ಪತ್ತು ಇಪ್ಪತ್ತೈದರವರು, ಇವರೊಬ್ಬರು ಐವತ್ತನಾಲ್ಕು. ಎರಡನೆಯ ಸರಣಿಯನ್ನು ಆ ಮೂವತ್ತು ಮಂದಿಯೂ ಉಗಿದರು. ಯಾಕೆ ಉಗಿಯಬಾರದು? ಹಡಗು ಹಾರುವುದೇ ಇಲ್ಲ. ಆ ಹುಡುಗಿಗೆ ಈಗ ನಲವತ್ತೈದು, ಮೈ ಬಂದಿದೆ, ಮಂಡಿ ನೋಯುತ್ತದೆ, ಬಂದರಿನಲ್ಲಿ ಹಗ್ಗ ಹೊಸೆಯುವ ಕಾರ್ಖಾನೆಯಲ್ಲಿ ಕೆಲಸ. ಕಂಬದಿಂದ ಹಾರಿದ ವೀರ ಈಗ ಅವಳ ಗಂಡ, ಬೆನ್ನು ಮುರಿದುಕೊಂಡು ಮನೆಯಲ್ಲಿ ಮಾತಿಲ್ಲದೆ ಕೂತಿದ್ದಾನೆ. ಐದನೆಯ ಕಂತಿನಲ್ಲಿ ಅವಳು ಒಂದು ಅರ್ಜಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಾಳೆ. ಕಂತು ಮುಗಿಯುತ್ತದೆ, ಸಾಲು ಮುಗಿಯುವುದಿಲ್ಲ. ನಮ್ಮ ಮಗಳೇ, "ಅಪ್ಪ, ಇದು ನಮ್ಮ ಕಥೆಗೆ ಮಾಡಿದ ದ್ರೋಹ" ಅಂದಳು.

ಇವರು ಅದರ ಪರ ನಿಂತರು. ಇಷ್ಟೇ ವಿಷಯ. ಜೀವಮಾನದಲ್ಲಿ ಸಂಬಳ ಸಾಲದೆಂದು ಮೇಲಧಿಕಾರಿಯ ಮುಂದೆ ಬಾಯಿ ತೆರೆಯದ ಮನುಷ್ಯ ಈ ಬೊಂಬೆ ಹೆಂಗಸಿಗೋಸ್ಕರ ಮೂವತ್ತು ಮಂದಿಯ ಎದುರು ಎದ್ದು ನಿಂತು, ಕೋಟಿನ ಗುಂಡಿ ಹಾಕಿಕೊಂಡು, "ಹಾಗಲ್ಲ, ಕೇಳಿ" ಎಂದು ಶುರು ಮಾಡುವರು. ಯಾರು ಏನೇ ಅನ್ನಲಿ, ಇವರ ಮೊದಲ ಪ್ರಶ್ನೆ ಒಂದೇ: "ಪೂರ್ತಿ ನೋಡಿದ್ರಾ?" ಎರಡನೆಯ ಮಾತೂ ಒಂದೇ: "ಲಿಫ್ಟನ್ನ ಮೇಲಕ್ಕೆ ಕಳಿಸೋದು ದೊಡ್ಡದಲ್ಲ. ನೆಲಕ್ಕೆ ಸಮ ಮಾಡಿ ನಿಲ್ಲಿಸೋದಿದೆಯಲ್ಲ, ಒಂದು ಬೆರಳು ಹೆಚ್ಚೂ ಆಗಬಾರದು ಕಮ್ಮಿಯೂ ಆಗಬಾರದು, ಅದು ಕೆಲಸ. ಈ ಕಥೆ ಮಾಡಿದವರು ಹಡಗನ್ನ ಇಳಿಸ್ತಿದಾರೆ."

ಮಹಡಿಯ ಗೋಡೆಗೆ ಒಂದು ಹಲಗೆ ಇತ್ತು. ಅನಿಸಿದ್ದನ್ನು ಬರೆದು ಅಂಟಿಸಬಹುದು. ಓದಿದವರು ಕೆಳಗೆ ತಮ್ಮ ಮಾತು ಸೇರಿಸಬಹುದು. ಇವರು ತಿಂಗಳಿಗೊಂದು ಹಾಳೆ ಬರೆದು ಅಂಟಿಸುವರು. ಯಾರೋ ಪೆನ್ಸಿಲಿನಲ್ಲಿ "ಅಜ್ಜ, ಮಾತ್ರೆ ತಗೊಂಡ್ರಾ?" ಎಂದು ಬರೆದಿದ್ದರು. ಇವರು ಅದರ ಕೆಳಗೆ, "ತಗೊಂಡೆ. ಈಗ ಐದನೇ ಕಂತಿಗೆ ಬರೋಣ" ಎಂದು ಬರೆದು ಬಂದರು. ಮಗಳು ಮನೆಗೆ ಬಂದು ಇದನ್ನು ಹೇಳುವಾಗ ಅವಳ ಕಿವಿ ಕೆಂಪಾಗಿತ್ತು. ಸುದ್ದಿ ನನ್ನ ಅಕ್ಕನ ಮನೆಗೂ ಹೋಯಿತು. ಅಲ್ಲಿ ಊಟಕ್ಕೆ ಕೂತಾಗ ಭಾವ ಕೇಳಿದರು, "ಏನಯ್ಯಾ, ನಿನ್ನ ಬೊಂಬೆ ಹೆಂಗಸಿನ ಮಂಡಿನೋವು ಹೇಗಿದೆ ಈಗ?"

"ಚಳಿಗೆ ಸ್ವಲ್ಪ ಜಾಸ್ತಿ ಅಣ್ಣ" ಅಂದರು ಇವರು, ಅನ್ನ ಕಲಸುತ್ತ.

ಎಲ್ಲರೂ ನಕ್ಕರು. ಇವರೂ ನಕ್ಕರು. ನಾನು ತಟ್ಟೆ ನೋಡಿಕೊಂಡು ಕೂತೆ. ಮನೆಗೆ ಬಂದು, "ನಿಮ್ಮಿಂದ ನಾನು ನಾಲ್ಕು ಜನರ ಮಧ್ಯೆ ತಲೆ ಎತ್ತೋ ಹಾಗಿಲ್ಲ" ಅಂದೆ.

ಆ ಸರಣಿ ಟಿವಿಯಲ್ಲಿ ಗುರುವಾರ ಸಂಜೆ ಆರಕ್ಕೆ ಬರುತ್ತಿತ್ತು. ಒಂದೇ ಸಲ ಬಂತು. ಮಗಳು ಕ್ಲಬ್ಬಿನ ಗೆಳೆಯರ ಜೊತೆ ನೋಡುತ್ತಿದ್ದಳು, ಆ ಹೊತ್ತಿಗೆ ಮನೆಯಲ್ಲಿ ನಾವಿಬ್ಬರೇ. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಿಸುವ ಕೆಲಸ ಮುಗಿಸಿ ಬಂದು, ಕಾಲು ಚಾಚಿ, ತರಕಾರಿ ಹೆಚ್ಚುತ್ತ ಅವರ ಪಕ್ಕ ಕೂರುತ್ತಿದ್ದೆ. ಬೇರೆ ಜಾಗ ಇರಲಿಲ್ಲ ಎಂದು ಕೂತದ್ದು. ಹನ್ನೆರಡು ಕಂತು, ಹನ್ನೆರಡೂ ಗುರುವಾರ ಕೂತೆ.

ಕೊನೆಯ ಕಂತಿನಲ್ಲಿ ಆ ಹೆಂಗಸು ಕಾರ್ಖಾನೆಗೆ ಬೀಗ ಹಾಕಿ ರಸ್ತೆ ದಾಟುತ್ತಾಳೆ. ಹೆಸರುಗಳು ಓಡತೊಡಗುತ್ತವೆ. ನಾನು ಏಳಲು ಹೊರಟೆ, ಇವರು ಎಂದಿನಂತೆ ಕೂತೇ ಇದ್ದರು. ಹೆಸರುಗಳೆಲ್ಲ ಮುಗಿದ ಮೇಲೆ ಮತ್ತೆ ಚಿತ್ರ ಬಂತು. ಒಂದೇ ನಿಮಿಷ. ಅವಳು ಮನೆ ಬಾಗಿಲಲ್ಲಿ ಒದ್ದೆ ಚಪ್ಪಲಿ ಬಿಡುತ್ತಾಳೆ. ಹನ್ನೆರಡು ಕಂತು ಬಾಯಿ ತೆರೆಯದ ಗಂಡ ಒಳಗಿನಿಂದ, "ಬಂದೆಯಾ?" ಅನ್ನುತ್ತಾನೆ. ಅವಳು "ಬಂದೆ" ಅನ್ನುತ್ತಾಳೆ. ಮುಗಿಯಿತು.

ನನಗೆ ಅಳು ಬಂತು. ಯಾಕೆಂದು ಕೇಳಿದರೆ ಈಗಲೂ ಸರಿಯಾಗಿ ಹೇಳಲಾರೆ. ಸೆರಗಿನಿಂದ ಮುಖ ಒರೆಸಿಕೊಂಡು ಈರುಳ್ಳಿಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡೆ. ಇವರು ನೋಡಿದರು. ನೋಡಿ, ಟಿವಿ ಆರಿಸಿ, ತಟ್ಟೆಯಲ್ಲಿದ್ದ ಇನ್ನೊಂದು ಈರುಳ್ಳಿಯ ಸಿಪ್ಪೆ ತೆಗೆದುಕೊಟ್ಟರು.

ಕ್ಲಬ್ಬಿನವರು ನೋಡುತ್ತಿದ್ದದ್ದು ಬೇರೆ ಪ್ರತಿ. ಅದರ ಅಧ್ಯಕ್ಷ ವಿಮೆ ಕಚೇರಿಯ ಒಬ್ಬ ಹುಡುಗ. ಎಲ್ಲದಕ್ಕೂ ತೀರ್ಪು ಕೊಡುತ್ತಿದ್ದನೆಂದು ಅವನಿಗೆ ಜಡ್ಜ್ ಎಂದೇ ಹೆಸರು. ಅವನು ಪ್ರತಿ ಕಂತನ್ನೂ ಎಲ್ಲಿಂದಲೋ ಇಳಿಸಿ, ಹೆಸರುಗಳು ಶುರುವಾಗುವ ಕಡೆ ಕತ್ತರಿಸಿ, ಎಲ್ಲರಿಗೂ ಹಂಚುತ್ತಿದ್ದ. ಮೊದಲಿನಿಂದ ಅವರಲ್ಲಿ ಅದೇ ರೂಢಿ. ಹೊರಗಿನವರು ಏನಾದರೂ ಹೇಳಿದರೆ ಅವರು ಕಿವಿಗೆ ಹಾಕಿಕೊಳ್ಳುವವರಲ್ಲ.

ಕ್ಲಬ್ಬಿನ ವಾರ್ಷಿಕ ಪ್ರದರ್ಶನ ಹತ್ತಿರ ಬಂತು. ಮೊದಲ ಸರಣಿಯ ಜೊತೆ ಎರಡನೆಯದನ್ನೂ ತೋರಿಸಬೇಕು, ಟಿವಿಯವರಿಂದ ಪೂರ್ತಿ ಪ್ರತಿ ತರಿಸಬೇಕು, ಎಲ್ಲರೂ ಒಮ್ಮೆ ಪೂರ್ತಿ ನೋಡಿ ಆಮೇಲೆ ಬೇಕಾದರೆ ಬೈಯಲಿ ಎಂದು ಇವರು ಅರ್ಜಿ ಕೊಟ್ಟರು. ತೀರ್ಮಾನಕ್ಕೆ ಸಭೆ ಕರೆದರು. "ನೀನೂ ಬಾ" ಅಂದರು ನನಗೆ. ಅವರು ನನ್ನನ್ನು ಕ್ಲಬ್ಬಿಗೆ ಕರೆದದ್ದು ಅದೊಂದೇ ಸಲ. ನಾನು ಹೋಗಿ ಹಿಂದಿನ ಸಾಲಿನಲ್ಲಿ ಮಗಳ ಪಕ್ಕ ಕೂತೆ.

"ಅಂಕಲ್, ಅದಕ್ಕೆ ಕೊನೆಯೇ ಇಲ್ವಲ್ಲ" ಅಂದ ಜಡ್ಜ್. "ಬೀಗ ಹಾಕ್ತಾಳೆ, ರಸ್ತೆ ದಾಟ್ತಾಳೆ. ಆಮೇಲೆ?"

"ಹಾಗಲ್ಲ, ಕೇಳಿ. ಹೆಸರು ಮುಗಿದ ಮೇಲೆ ಒಂದು ನಿಮಿಷ ಇದೆ."

"ಹೆಸರಾದ ಮೇಲೆ ಏನಿರುತ್ತೆ? ಬರೀ ಕಪ್ಪು."

"ಪೂರ್ತಿ ನೋಡಿದ್ರಾ?"

"ಹೆಸರು ಯಾರು ನೋಡ್ತಾರೆ ಅಂಕಲ್. ಅಂಥದ್ದು ಇದ್ದಿದ್ರೆ ಇಷ್ಟು ಜನರಲ್ಲಿ ಒಬ್ಬರಿಗಾದ್ರೂ ಗೊತ್ತಿರ್ತಿತ್ತು. ನಿಮಗೊಬ್ಬರಿಗೇ ಕಾಣಿಸ್ತಾ?"

ಒಬ್ಬ ಹುಡುಗಿ, "ಅಂಕಲ್ ಕನಸಲ್ಲಿ ಹದಿಮೂರನೇ ಕಂತು ನೋಡಿರ್ಬೇಕು" ಅಂದಳು. ನಗು ಎದ್ದಿತು.

"ಇಲ್ಲ" ಅಂದರು ಇವರು. "ನಾನು ನೋಡಿದೀನಿ. ಇವಳೂ ನೋಡಿದಾಳೆ. ಕೇಳಿ ಬೇಕಾದ್ರೆ."

ಮೂವತ್ತು ಕುರ್ಚಿ ನನ್ನ ಕಡೆ ತಿರುಗಿದವು. ಮಗಳು ನನ್ನ ಮೊಣಕೈ ಹಿಡಿದಳು. ಜಡ್ಜ್ ಬಹಳ ಮರ್ಯಾದೆಯಿಂದಲೇ ಕೇಳಿದ, "ಹೇಳಿ ಆಂಟಿ, ನೀವು ನೋಡಿದ್ರಾ?"

ನೋಡಿದೆ ಅಂದರೆ, ಏನು ನೋಡಿದಿರಿ ಅನ್ನುತ್ತಾರೆ. ಗಂಡ ಬಂದೆಯಾ ಅಂದ, ಹೆಂಡತಿ ಬಂದೆ ಅಂದಳು ಎಂದು ಆ ಮಕ್ಕಳ ಎದುರು ಹೇಳಬೇಕು. ಹೇಳುವಾಗ ಮತ್ತೆ ಅಳು ಬಂದರೆ? ಆಮೇಲೆ ಅಜ್ಜನ ಜೊತೆಗೆ ಅಜ್ಜಿಯೂ ಸೇರಿದಳು ಅನ್ನುತ್ತಾರೆ. ಇಷ್ಟೆಲ್ಲ ಒಂದು ಕ್ಷಣದಲ್ಲಿ ಬಂದು ಹೋಯಿತು.

"ನನಗೆ ಮೂರನೇ ಕಂತಿಗೇ ನಿದ್ದೆ ಬಂದಿತ್ತಪ್ಪ" ಅಂದೆ.

ಅಂಥ ನಗುವನ್ನು ನಾನು ಬದುಕಿನಲ್ಲಿ ಇನ್ನೊಮ್ಮೆ ತರಿಸಿಲ್ಲ. ಕೆಲವರು ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ, ಆ ಹೊತ್ತಿಗೆ ಹಿತವಾಗಿಯೇ ಇತ್ತು. ಇವರು ತಲೆ ಓರೆ ಮಾಡಿ ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ಅವಳು ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ಅವರು ಅಂದಿದ್ದರೆ ಸಾಕಿತ್ತು, ಸಭೆ ತಿರುಗುತ್ತಿತ್ತು. ನನ್ನ ಮುಖ ನೋಡಿದರೆ ಯಾರಿಗಾದರೂ ನಿಜ ತಿಳಿಯುತ್ತಿತ್ತು. ಅವರು, "ಪಾಪ, ಬೆಳಗ್ಗೆ ಐದಕ್ಕೆ ಎದ್ದಿರ್ತಾಳೆ" ಅಂದು ಕೂತರು. ಕೈ ಎತ್ತಿಸಿ ಎಣಿಸಿದರು. ಅರ್ಜಿಯ ಪರ ಒಂದೇ ಕೈ.

ಮೆಟ್ಟಿಲು ಇಳಿಯುವಾಗ ಮಗಳು, "ಅಮ್ಮ, ಒಳ್ಳೇ ಜೋಕ್ ಹೊಡೆದೆ" ಅಂದಳು. ಅವಳಿಗೆ ಗೊತ್ತಿರಲಿಲ್ಲ. ಇವರು ಮುಂದೆ ಮುಂದೆ ಹೋಗುತ್ತಿದ್ದರು. ಮನೆಗೆ ಹೋದ ಮೇಲೆ ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಒಂದು ವಾರ ಕಾದೆ. ಬೈದಿದ್ದರೆ ನಾನೂ ನಾಲ್ಕು ಮಾತು ಅಂದು ಹಗುರವಾಗಬಹುದಿತ್ತು. ಮುಂದಿನ ತಿಂಗಳೂ ಕ್ಲಬ್ಬಿಗೆ ಹೋದರು, ಕುರ್ಚಿ ಜೋಡಿಸಿದರು, ಪ್ರೊಜೆಕ್ಟರಿನ ವೈರು ಸರಿ ಮಾಡಿಕೊಟ್ಟರು, ಹಲಗೆಗೆ ಹಾಳೆ ಅಂಟಿಸಿದರು. ಆ ಒಂದು ನಿಮಿಷದ ಮಾತನ್ನು ಮಾತ್ರ ಮತ್ತೆ ಎತ್ತಲಿಲ್ಲ.

ಮರುವರ್ಷ ಎರಡನೆಯ ಸರಣಿಯ ಪೂರ್ತಿ ಡಿಸ್ಕುಗಳು ಪೆಟ್ಟಿಗೆಯಾಗಿ ಅಂಗಡಿಗೆ ಬಂದವು. ಇವರು ಒಂದು ತಂದು ಬೀರುವಿನ ಮೇಲಿಟ್ಟರು. ಕ್ಲಬ್ಬಿನ ಎರಡು ಭಾನುವಾರಗಳು ಹೋದವು, ಪೆಟ್ಟಿಗೆ ಅಲ್ಲೇ ಇತ್ತು. ನಾನೇ ಕೇಳಿದೆ, "ತಗೊಂಡು ಹೋಗಿ ತೋರಿಸಬಾರದಾ ಅವರಿಗೆ? ಈಗ ಕಣ್ಣ ಮುಂದೇ ಇದೆಯಲ್ಲ."

ಅವರು ಬೂಟಿನ ಲೇಸು ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

"ಬೇಡ ಬಿಡು. ಆಗ ನಿನ್ನನ್ನ ಕೇಳ್ತಾರೆ."

ಅಷ್ಟು ಹೇಳಿ ಕೆಲಸಕ್ಕೆ ಹೋದರು. ಆಮೇಲೆ ಏಳು ವರ್ಷ ಬದುಕಿದ್ದರು. ಏಳು ವರ್ಷದಲ್ಲಿ ಯಾವ ಭಾನುವಾರ ಬೇಕಾದರೂ ನಾನು ಆ ಮಹಡಿ ಹತ್ತಿ ಎರಡು ಮಾತು ಹೇಳಿ ಬರಬಹುದಿತ್ತು. ಇವತ್ತು ಕಾಲು ನೋವು, ಇವತ್ತು ಪಾಳಿ ಬದಲು, ಈಗ ಹೇಳಿ ಏನು ಪ್ರಯೋಜನ ಎಂದುಕೊಂಡೇ ಕಳೆದೆ. ಹೋದ ವರ್ಷ ಕೆಲಸದ ಮಧ್ಯೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ.

ಕ್ಲಬ್ಬಿನವರು ಈಗ ತಮ್ಮ ವಾರ್ಷಿಕ ಪುಸ್ತಕಕ್ಕೆ ಅವರ ಬಗ್ಗೆ ಎರಡು ಪುಟ ಕೇಳಿದ್ದಾರೆ. ಮಗಳು ಬರೆಯಲು ಕೂತಿದ್ದಳು, ನಾನೇ ಬರೆಯುತ್ತೇನೆ ಅಂದೆ. ಜಡ್ಜ್ ಓದಲಿ, ಕನಸಿನ ಮಾತು ಅಂದ ಹುಡುಗಿ ಓದಲಿ, ನನ್ನ ಮಗಳೂ ಓದಲಿ. ನಾನು ನಿದ್ದೆ ಮಾಡಿರಲಿಲ್ಲ. ಹನ್ನೆರಡೂ ಕಂತು ಎಚ್ಚರವಾಗಿದ್ದೆ. ಹೆಸರುಗಳಾದ ಮೇಲೆ ಒಂದು ನಿಮಿಷ ಇತ್ತು, ಅದನ್ನು ನೋಡಿ ಅತ್ತೆ. ನನ್ನ ಗಂಡ ನಿಮಗೆ ಒಂದು ಸುಳ್ಳೂ ಹೇಳಲಿಲ್ಲ. ಹೇಳಿದವಳು ನಾನು.

ಆ ಸರಣಿ ದೊಡ್ಡ ಕಲಾಕೃತಿಯೋ ಅಲ್ಲವೋ ನನಗೆ ತಿಳಿಯದು. ಐದನೆಯ ಕಂತು ನನಗೆ ಈಗಲೂ ಉದ್ದವೆನಿಸುತ್ತದೆ. ಇಂಥ ಜನ ಅಲ್ಲೊಬ್ಬರು ಇಲ್ಲೊಬ್ಬರು ಇರುತ್ತಾರೆ. ಎಲ್ಲರೂ ಬಿಟ್ಟು ಎದ್ದದ್ದರ ಹತ್ತಿರ ಹೋಗಿ ಕೂರುವುದು ಅವರ ಸ್ವಭಾವ. ಅದು ಗೆಲ್ಲುತ್ತದೆ ಎಂದಲ್ಲ, ಅದರ ಹತ್ತಿರ ಯಾರೂ ಇಲ್ಲವಲ್ಲ ಎಂದು. ಅವರ ಹಟ ನಮಗೆ ಹುಚ್ಚಾಗಿ ಕಾಣುತ್ತದೆ, ಅವರ ಪಕ್ಕ ನಡೆಯಲು ನಾಚಿಕೆಯಾಗುತ್ತದೆ. ಆದರೆ ನಾವು ಜಾರಿದ ದಿನ ಅವರು ನಮ್ಮ ಹತ್ತಿರವೂ ಹಾಗೆಯೇ ಬಂದು ಕೂರುತ್ತಾರೆ, ಎದ್ದು ಹೋಗುವುದಿಲ್ಲ, ನಾವು ಮಾಡಿದ್ದನ್ನು ನಾಲ್ಕು ಜನರ ಮುಂದೆ ಇಡುವುದಿಲ್ಲ. ನಮ್ಮ ಪರ ಯಾರಾದರೂ ನಿಲ್ಲುವಷ್ಟು ಯೋಗ್ಯತೆ ನಮಗೆ ಇತ್ತೇ ಎಂದು ಅವರು ಕೇಳುವವರಲ್ಲ. ಅದನ್ನು ಕೇಳಿಕೊಳ್ಳಬೇಕಾದವರು ಹಿಂದೆ ಉಳಿದ ನಾವು.