ಒಂದೇ ಸಲದ ನಂಬರು

ಕೋಲ್ಕತ್ತಾದ ಬೆಹಾಲಾದಲ್ಲಿರುವ ನಮ್ಮ ಫ್ಲ್ಯಾಟಿಗೆ ಕುಚ್ಚಲಕ್ಕಿ ಕಳಿಸುವ ಅಂಗಡಿಯೊಂದು ಕೊನೆಗೂ ಆನ್‌ಲೈನಿನಲ್ಲಿ ಸಿಕ್ಕಿತು. ಫೋನಿನಲ್ಲಿ ಅಂಗಡಿಯವನ ಮಾತು ಅಪ್ಪಟ ಉಡುಪಿಯದು. ನನಗೆ ಅಷ್ಟೇ ಸಾಕಾಯಿತು. ಕ್ರೆಡಿಟ್ ಕಾರ್ಡಿನ ಎರಡೂ ಬದಿಯ ಫೋಟೋ ತೆಗೆದು ಇನ್ನೇನು ಅವನಿಗೆ ಕಳಿಸಬೇಕು, ಮಗಳು ಸಾಕ್ಷಿ ಫೋನು ಕಸಿದುಕೊಂಡಳು.

"ನಮ್ಮ ಊರಿನವ್ರು ಮಾರಾಯ್ತಿ!" ಎಂದು ರೇಗಿದೆ.

"ಊರಿನವ್ರಾದ್ರೂ ಕಾರ್ಡಿನ ಫೋಟೋ ಕೊಡ್ಬಾರ್ದು ಅಮ್ಮ," ಎಂದವಳು ಬ್ಯಾಂಕಿನ ಆ್ಯಪ್ ತೆರೆದು, ಈ ಒಂದು ಖರೀದಿಗೆಂದೇ ಹೊಸ ಕಾರ್ಡ್ ನಂಬರೊಂದನ್ನು ಹುಟ್ಟಿಸಿದಳು. ಅದನ್ನು ಅಂಗಡಿಯ ಪುಟದಲ್ಲಿ ತುಂಬಿದಳು. ಹಣ ಸಂದಾಯವಾಯಿತು. ಮರುಕ್ಷಣವೇ ಪರದೆಯ ಮೇಲಿದ್ದ ಆ ಕಾರ್ಡು ಬೂದಿ ಬಣ್ಣಕ್ಕೆ ತಿರುಗಿತು.

"ಎಂತ ಆಯ್ತು ಅದಕ್ಕೆ?"

"ಫಿನಿಶ್. ಇನ್ನು ಆ ನಂಬರ್ ಯಾರಿಗೆ ಸಿಕ್ರೂ ಏನೂ ಮಾಡ್ಲಿಕ್ಕಾಗುದಿಲ್ಲ. ನಿನ್ನ ನಿಜವಾದ ನಂಬರ್ ಅವ್ರು ನೋಡ್ಲೇ ಇಲ್ಲ."

ಕೆಳಗಿನ ಬೀದಿಯಲ್ಲಿ ಪೂಜೆಯ ಡೋಲು, ಢಾಕ್, ಬಡಿಯುತ್ತಿದ್ದರು. ನಮ್ಮ ಓಣಿಯ ದುರ್ಗೆಯನ್ನು ವಿಸರ್ಜನೆಗೆ ಒಯ್ಯುತ್ತಿದ್ದರು. ಅಷ್ಟು ಮುತುವರ್ಜಿಯಿಂದ ತಿದ್ದಿದ ಮಣ್ಣಿನ ಮುಖ, ಪೂಜೆ ಮುಗಿದದ್ದೇ ನೀರಿಗೆ. ದೇವಿಗೆ ಮಾತ್ರ ಏನೂ ಆಗುವುದಿಲ್ಲ.

ನನಗೆ ಗೊತ್ತಿಲ್ಲದೆಯೇ ಕೈಮುಗಿದೆ. ಸಾಕ್ಷಿಯೂ ಕಿಟಕಿಯತ್ತ ತಿರುಗಿ ಕೈಮುಗಿದಳು.

ನಾನು ನೋಡುತ್ತಿದ್ದದ್ದು ಫೋನಿನಲ್ಲಿ ಬೂದಿ ಬಣ್ಣಕ್ಕೆ ತಿರುಗಿದ್ದ ಆ ಕಾರ್ಡನ್ನು.